ಇಂಗು ತಿಂದ ಒಲೆ

ನಮ್ಮೂರಿನಲ್ಲಿ ಬೆಂಕಿ ಹತ್ತುವುದಿಲ್ಲ. ಕಡ್ಡಿ ಗೀರಿದರೆ ಸದ್ದು ಬರುತ್ತದೆ, ಅಷ್ಟೆ. ಹೊರಗಿನಿಂದ ಬಂದ ನೆಂಟರು ಮೊದಲ ದಿನ ಒಂದು ಪೊಟ್ಟಣ ಕಡ್ಡಿಯನ್ನು ಪೂರ್ತಿ ಗೀರಿ ಮುಗಿಸಿ, ಮಾರನೆಯ ದಿನ ನಮ್ಮನ್ನೇ ಅನುಮಾನದಿಂದ ನೋಡಿ, ಆಮೇಲೆ ಏನೋ ನೆಪ ಹೇಳಿ ಬಸ್ಸು ಹತ್ತುತ್ತಾರೆ. ನಮಗೆ ಅದರಿಂದ ತೊಂದರೆಯೇನಿಲ್ಲ. ಪ್ರತಿ ಮನೆಯಲ್ಲೂ ಒಂದು ಒಲೆಯಿದೆ. ಗೋಡೆಯೊಳಗಿನ ಕೊಳವೆಯಿಂದ ಅದಕ್ಕೆ ಜಲಜನಕ ಬರುತ್ತದೆ, ಪಕ್ಕದ ಜಾಲರಿಯಿಂದ ಗಾಳಿ ಹೋಗುತ್ತದೆ, ಎರಡೂ ಒಳಗೆ ಸದ್ದಿಲ್ಲದೆ ಸೇರಿ ಕರೆಂಟು ಕೊಡುತ್ತವೆ. ಅದರಲ್ಲೇ ಅನ್ನ ಬೇಯಬೇಕು, ಸ್ನಾನದ ನೀರು ಕಾಯಬೇಕು, ದೇವರ ಮುಂದಿನ ಬಲ್ಬು ಬೆಳಗಬೇಕು. ಒಲೆಯ ಕೆಳಗಿನ ಮೂತಿಯಿಂದ ಬೆಚ್ಚನೆಯ ನೀರು ತೊಟ್ಟು ತೊಟ್ಟಾಗಿ ಬೀಳುತ್ತದೆ. ಹುಟ್ಟಿದ ಮಗುವಿನ ಬಾಯಿಗೆ ಮೊದಲು ಬಿಡುವುದು ಆ ನೀರನ್ನೇ. ಇಬ್ಬರು ಎದುರಾದರೆ "ಒಲೆ ತೊಟ್ಟಿಕ್ತಾ ಇದೆಯಾ?" ಎಂದು ಕೇಳುವುದು ನಮ್ಮೂರಿನ ನಮಸ್ಕಾರ.

ಒಲೆಯ ಹೊಟ್ಟೆಯಲ್ಲಿ ಒಂದು ಕಪ್ಪು ಹಾಳೆ ಇರುತ್ತದೆ. ಅದರ ಮೇಲೆ ಸವರಿದ ಪ್ಲಾಟಿನಮ್ಮೇ ಒಲೆಯ ಜೀವ. ಅದು ಇದ್ದರೆ ಜಲಜನಕವೂ ಗಾಳಿಯೂ ಸೇರುತ್ತವೆ, ಇಲ್ಲದಿದ್ದರೆ ಒಂದರ ಮುಖ ಒಂದು ನೋಡದೆ ಹೊರಟುಹೋಗುತ್ತವೆ. ಊರಿನಲ್ಲಿರುವ ಪ್ಲಾಟಿನಂ ಎಷ್ಟಿದೆಯೋ ಅಷ್ಟೆ. ಹೊರಗಿನಿಂದ ಒಂದು ಚಿಟಿಕೆಯೂ ಬರುವುದಿಲ್ಲ. ಹೀಗಾಗಿ ಹಳೆಯ ಒಲೆಯೊಂದು ನಿಂತರೆ ಮಾತ್ರ ಹೊಸ ಒಲೆ, ಹೊಸ ಒಲೆ ಸಿಕ್ಕರೆ ಮಾತ್ರ ಮದುವೆ. ನಿಂತ ಒಲೆಯ ಲೋಹವನ್ನು ಕಚೇರಿಯವರು ಆಮ್ಲದಲ್ಲಿ ಕರಗಿಸಿ, ಹೊಸ ಹಾಳೆಗೆ ಸವರಿ, ಅದೇ ಮನೆಯ ಮುಂದಿನ ಜೋಡಿಗೆ ಕೊಡುತ್ತಾರೆ. ಒಲೆ ನಿಂತವರು ಇನ್ನೊಬ್ಬರ ಒಲೆಯ ಹಂಗಿನಲ್ಲಿ ಇರುವಂತಿಲ್ಲ, ಕೆರೆಯಾಚೆಯ ತಂಪುಮನೆಗೆ ಹೋಗಬೇಕು. ಅಲ್ಲಿ ನೆನೆಸಿದ ಅವಲಕ್ಕಿ, ನೆನೆಸಿದ ಹೆಸರುಬೇಳೆ, ಬಾಳೆಹಣ್ಣು, ತಣ್ಣೀರಿನ ಸ್ನಾನ. ಯಾರೂ ಯಾರನ್ನೂ ಕುತ್ತಿಗೆ ಹಿಡಿದು ಕಳಿಸುವುದಿಲ್ಲ. ಒಲೆ ನಿಲ್ಲಲಿ ಎಂದು ಎಲ್ಲರೂ ಬಹಳ ಮರ್ಯಾದೆಯಿಂದ ಕಾಯುತ್ತಾರೆ.

ನಾನು ದಾಕ್ಷಾಯಣಿ. ನನ್ನನ್ನು ಸಾಕಿದವಳು ಅಪ್ಪನ ಅಕ್ಕ ನೀಲಮ್ಮ, ನನ್ನ ನೀಲತ್ತೆ. ಅಪ್ಪ ಅಮ್ಮ ಹೋದಾಗ ನನಗೆ ನೆಟ್ಟಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಉಳಿದಿದ್ದ ಒಲೆ ಅತ್ತೆಯದೊಂದೇ. ನಾನೂ ಹಾಲೇಶನೂ ಮದುವೆಯಾಗಬೇಕೆಂದು ಮಾತಾಡಿಕೊಂಡು ವರ್ಷಗಳೇ ಕಳೆದಿದ್ದವು. ಅಂದರೆ ಲೆಕ್ಕದ ಪ್ರಕಾರ ನಾವು ಅತ್ತೆಯ ಒಲೆಗಾಗಿ ಕಾಯುತ್ತಿದ್ದೆವು. ಬೀದಿಯಲ್ಲಿ ಹೋಗುವಾಗ ಯಾರಾದರೂ "ಅತ್ತೆ ಒಲೆ ಹೆಂಗಿದೆಯಮ್ಮ?" ಎಂದು ಪ್ರೀತಿಯಿಂದ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಂಕಿಯಿಲ್ಲದ ಊರಿನಲ್ಲಿ ಉರಿಯುವುದು ಅದೊಂದೇ. "ಗುಂಡುಕಲ್ಲಿನ ಹಾಗಿದೆ, ನಿಮ್ಮ ಹೊಟ್ಟೆಯುರಿ ಸಾಕು ಅದು ಇನ್ನೊಂದು ತಲೆಮಾರು ನಡೆಯೋಕೆ" ಎಂದು ಉತ್ತರ ಕೊಟ್ಟು ಬರುತ್ತಿದ್ದೆ. ಮನೆಗೆ ಬಂದು ಹೇಳಿದರೆ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಹಾಲೇಶ ಕೊಳವೆ ಇಲಾಖೆಯಲ್ಲಿದ್ದ. ಮೆದು ಮಾತಿನ ಮನುಷ್ಯ. ಶನಿವಾರ ಬಂತೆಂದರೆ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಮನೆಗೆ ಬರುತ್ತಿದ್ದ. ಅತ್ತೆಗೆ ಮಂಡಿನೋವು, ಬಗ್ಗಲಾಗುತ್ತಿರಲಿಲ್ಲ. ಅದಕ್ಕೇ ಒಲೆಯ ಜಾಲರಿಯನ್ನು ಅವನೇ ಬಿಚ್ಚಿ, ಬಟ್ಟೆಯಿಂದ ಒರೆಸಿ, ಮತ್ತೆ ಹಾಕಿಕೊಡುತ್ತಿದ್ದ. ನಾನು ಆ ಹೊತ್ತಿಗೆ ಸಂತೆಗೆ ಹೋಗಿರುತ್ತಿದ್ದೆ. ಪಕ್ಕದ ಮನೆಯವರೆಲ್ಲ "ಎಂಥಾ ಹುಡುಗ ಕಣೇ" ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು. ಯಾರ ಒಲೆ ನಿಲ್ಲಬೇಕೋ ಅವರದೇ ಒಲೆಯನ್ನು ಒರೆಸಿಕೊಡುವ ಗಂಡಸು ಎಲ್ಲಿ ಸಿಗುತ್ತಾನೆ?

ಆದರೆ ಅತ್ತೆಯ ಒಲೆ ನಿಲ್ಲದೆ ಮದುವೆಯಾಗಬೇಕೆಂಬುದು ನನ್ನ ಹಟ. ಅತ್ತೆಯನ್ನು ತಂಪುಮನೆಗೆ ಕಳಿಸಿ, ಅವಳ ಒಲೆಯ ಲೋಹದಲ್ಲಿ ನಾನು ಅನ್ನ ಬೇಯಿಸಿ ಉಣ್ಣಬೇಕೆ? ಆ ತುತ್ತು ಗಂಟಲಲ್ಲಿ ಇಳಿಯುವುದುಂಟೆ? ನಾನು ಒಲೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೇ ಅದಕ್ಕೆ. ಪ್ಲಾಟಿನಂ ಕಡಿಮೆ ಬೇಡುವ ಹೊಸ ವೇಗವರ್ಧಕವೊಂದು, ಅಂದರೆ ಹಾಳೆಗೆ ಸವರುವ ಬೇರೆ ಲೇಪವೊಂದು, ಸಿಕ್ಕಿದರೆ ಒಂದು ಒಲೆಯ ಲೋಹದಲ್ಲಿ ಹತ್ತಾರು ಒಲೆ ಮಾಡಬಹುದು, ಯಾರೂ ಯಾರಿಗಾಗಿಯೂ ಕಾಯಬೇಕಾಗಿಲ್ಲ. ಪ್ರಯೋಗ ಮಾಡಿ ಹಾಳುಮಾಡಲು ಊರಿನಲ್ಲಿ ಲೋಹವೇ ಇರಲಿಲ್ಲ. ಆದ್ದರಿಂದ ನಾನೂ ನನ್ನ ಜೊತೆಗಾತಿ ಫರ್ಜಾನಾಳೂ ಕಂಪ್ಯೂಟರಿನೊಳಗೇ ಲೋಹಗಳನ್ನು ಬೆರೆಸುತ್ತಿದ್ದೆವು. ನಿಕ್ಕಲ್ಲಿನ ಕಣ ಇಷ್ಟು, ಕೋಬಾಲ್ಟಿನದು ಇಷ್ಟು, ಮೇಲೆ ಪ್ಲಾಟಿನಂ ಇಷ್ಟು ಎಂದು ಪರದೆಯ ಮೇಲೆ ಜೋಡಿಸಿ, ಅದರ ಮೇಲೆ ಆಮ್ಲಜನಕವನ್ನು ಕೂರಿಸಿ ನೋಡುವುದು. ಆಮ್ಲಜನಕ ಬಂದು ಕೂರಬೇಕು, ಎರಡಾಗಿ ಒಡೆಯಬೇಕು, ಜಲಜನಕದ ಜೊತೆ ಸೇರಿ ನೀರಾಗಿ ಎದ್ದು ಹೋಗಬೇಕು. ಕೂರದೇ ಹೋದರೂ ಕೆಲಸ ಕೆಟ್ಟಿತು, ಕೂತಲ್ಲೇ ಝಂಡಾ ಊರಿದರೂ ಕೆಟ್ಟಿತು. ಒಳ್ಳೆಯ ಲೋಹವೆಂದರೆ ನೆಂಟರನ್ನು ಚೆನ್ನಾಗಿ ಉಪಚರಿಸಿ, ಹೊತ್ತಿಗೆ ಸರಿಯಾಗಿ ಬಸ್ಸು ಹತ್ತಿಸುವ ಮನೆಯೊಡತಿ.

ಲೆಕ್ಕ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಒಂದು ನಿಜವಾದ ಒಲೆ ಬೇಕಲ್ಲ, ನಾನು ನಮ್ಮ ಮನೆಯದನ್ನೇ ಆರಿಸಿಕೊಂಡೆ. ಊರಿನ ಪ್ರತಿ ಒಲೆಯಿಂದಲೂ ಒಂದು ತಂತಿ ಕಚೇರಿಗೆ ಬರುತ್ತದೆ, ಯಾವ ದಿನ ಎಷ್ಟು ಕರೆಂಟು ಕೊಟ್ಟಿತೆಂಬುದು ಅಲ್ಲಿ ದಾಖಲಾಗುತ್ತದೆ. ಕಂಪ್ಯೂಟರಿನ ಲೆಕ್ಕದ ಪ್ರಕಾರ ಅತ್ತೆಯ ಒಲೆ ಇನ್ನೂ ಬಹಳ ಕಾಲ ಬಾಳಬೇಕು. ಆದರೆ ನಿಜವಾದ ಒಲೆ ಇಳಿಯುತ್ತಿತ್ತು. ಪರದೆಯ ಮೇಲೆ ಎರಡು ಗೆರೆ: ನಮ್ಮ ಲೆಕ್ಕದ ನೀಲಿ ಗೆರೆ ಮೇಲೆ ನೆಟ್ಟಗೆ ಹೋದರೆ, ಅತ್ತೆಯ ಒಲೆಯ ಕೆಂಪು ಗೆರೆ ಕೆಳಕ್ಕೆ. ನಮ್ಮ ಮುಖ್ಯಸ್ಥರು ಒಂದೇ ಮಾತು ಹೇಳಿದರು: "ಇರೋ ಒಲೆಯ ಲೆಕ್ಕವೇ ಸರಿಹೋಗಲಿಲ್ಲ ಅಂದ್ಮೇಲೆ, ಇಲ್ಲದ ಒಲೆಯ ಲೆಕ್ಕ ನಂಬಿ ನಾನು ಲೋಹ ಕೊಡಲಾ?" ಅವರ ಮಾತು ಸರಿಯಾಗಿಯೇ ಇತ್ತು.

ಮನೆಯಲ್ಲಂತೂ ಅನ್ನ ಬೇಯುವುದು ನಿಧಾನವಾಗುತ್ತಿತ್ತು. ದೇವರ ಬಲ್ಬು ಮಂಕಾಗಿತ್ತು. ಅತ್ತೆ ಸ್ನಾನದ ನೀರನ್ನು ಉಗುರುಬೆಚ್ಚಗಿರುವಾಗಲೇ ತೋಡಿಕೊಂಡು "ಇದೇ ಹಿತ" ಎನ್ನುತ್ತಿದ್ದಳು. ನಾನೂ ಫರ್ಜಾನಾಳೂ ಲೆಕ್ಕಕ್ಕೆ ತೇವ ಸೇರಿಸಿದೆವು, ಧೂಳು ಸೇರಿಸಿದೆವು, ಲೋಹದ ಕಣಗಳು ಮುದಿಯಾಗಿ ಒಂದಕ್ಕೊಂದು ಅಂಟಿಕೊಳ್ಳುವುದನ್ನೂ ಸೇರಿಸಿದೆವು. ನೀಲಿ ಗೆರೆ ಸ್ವಲ್ಪ ಬಾಗಿತೇ ಹೊರತು ಕೆಂಪು ಗೆರೆಯ ಹತ್ತಿರಕ್ಕೂ ಬರಲಿಲ್ಲ.

"ಗಂಧಕ ಒಂದು ಬಿಟ್ಟಿದೀವಿ ನೋಡು" ಎಂದಳು ಫರ್ಜಾನಾ.

ನಾನು ನಕ್ಕೆ. ನಮ್ಮೂರಿನಲ್ಲಿ ಒಲೆಗೆ ಗಂಧಕ ಸೋಕುವುದೆಂದರೆ ಇಂಗು ಸೋಕುವುದು. ಇಂಗಿನ ಡಬ್ಬಿ ಯಾರ ಅಡುಗೆಮನೆಗೂ ಬರುವುದಿಲ್ಲ. ಹಿತ್ತಲಿನ ಗೂಡಿನಲ್ಲಿ, ಬಟ್ಟೆ ಸುತ್ತಿ, ಬಿಗಿಯಾಗಿ ಮುಚ್ಚಿ ಇಟ್ಟಿರುತ್ತಾರೆ. ಒಗ್ಗರಣೆ ಹಾಕುವುದೂ ಹಿತ್ತಲಲ್ಲೇ, ಉದ್ದನೆಯ ವೈರು ಎಳೆದು. ಹಾಕಿ ಕೈ ತೊಳೆದುಕೊಂಡೇ ಒಳಗೆ ಬರಬೇಕು. ಮಾತು ಬಾರದ ಮಕ್ಕಳಿಗೂ ಇದು ಗೊತ್ತು. ಇಂಗಿನ ಗಂಧಕ ಗಾಳಿಯ ಜೊತೆ ಒಳಗೆ ಹೋಗಿ ಪ್ಲಾಟಿನಮ್ಮನ್ನು ಕಚ್ಚಿಕೊಂಡಿತೆಂದರೆ ಮತ್ತೆ ಬಿಡುವುದಿಲ್ಲ, ಆಮ್ಲಜನಕಕ್ಕೆ ಕೂರಲು ಜಾಗವೇ ಉಳಿಯುವುದಿಲ್ಲ. "ನಮ್ಮತ್ತೆ ಕೈಗೆ ಇಂಗಿನ ವಾಸನೆ ಇದ್ರೆ ದೇವರ ಮನೆಗೇ ಹೋಗಲ್ಲ, ಒಲೆ ಹತ್ರ ಹೋಗ್ತಾಳಾ?" ಎಂದೆ. ಫರ್ಜಾನಾ "ಹಾಕಿ ನೋಡೋಕೆ ಏನು ಗಂಟು ಹೋಗುತ್ತೆ" ಎಂದು ಗಂಧಕವನ್ನು ಸೇರಿಸಿ ಕಂಪ್ಯೂಟರನ್ನು ಓಡಲು ಬಿಟ್ಟಳು.

ಲೆಕ್ಕ ಮುಗಿದದ್ದು ಒಂದು ಮಧ್ಯಾಹ್ನ. ನಾನು ಡಬ್ಬಿಯ ಮುಚ್ಚಳ ತೆಗೆದು ಅತ್ತೆ ಕಟ್ಟಿಕೊಟ್ಟಿದ್ದ ರೊಟ್ಟಿ ಮುರಿಯುತ್ತಿದ್ದೆ. ಫರ್ಜಾನಾ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನೀಲಿ ಗೆರೆ ಕಾಣಲೇ ಇಲ್ಲ. ಎಲ್ಲಿ ಹೋಯಿತೆಂದು ಹುಡುಕಿದೆ. ಅದು ಕೆಂಪು ಗೆರೆಯ ಕೆಳಗೇ ಇತ್ತು, ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ. ಗಂಧಕ ಒಂದೇ ಸಲಕ್ಕೆ ಬಿದ್ದದ್ದೂ ಅಲ್ಲ. ಚಿಟಿಕೆ, ಬಿಡುವು, ಮತ್ತೆ ಚಿಟಿಕೆ. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಕೈತಪ್ಪಿ ಚೆಲ್ಲಿದ ಇಂಗು ಹೀಗೆ ಬೀಳುವುದಿಲ್ಲ. ಯಾರೋ ಅಳೆದು, ತಾಳ್ಮೆಯಿಂದ, ಹಾಕುತ್ತಿದ್ದರು. ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ಆ ಮನೆಯಲ್ಲಿ ಇರುವವರು ಅತ್ತೆ, ನಾನು ಇಬ್ಬರೇ. ನಾನಂತೂ ಹಾಕಿರಲಿಲ್ಲ.

ದಾರಿಯುದ್ದಕ್ಕೂ ಓಡಿದೆನೋ ನಡೆದೆನೋ ನೆನಪಿಲ್ಲ. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಸೊಪ್ಪು ಸೋಸುತ್ತಿದ್ದಳು. "ಏನೇ ದಾಕ್ಷಿ, ಇಷ್ಟೊತ್ತಿಗೇ ಬಂದ್ಬಿಟ್ಟೆ?" ಎಂದಳು. ನಾನು ನೇರ ಅಡುಗೆಮನೆಗೆ ಹೋಗಿ, ಮಂಡಿಯೂರಿ, ಜಾಲರಿಗೆ ಮೂಗಿಟ್ಟೆ. ಹಿತ್ತಲಿನ ಡಬ್ಬಿ ತೆಗೆದಾಗ ಬರುವ ಅದೇ ಘಾಟು. ಸೊಪ್ಪಿನ ಮೊರ ಕೆಳಗಿಟ್ಟು ಅತ್ತೆ ಬಾಗಿಲಿಗೆ ಬಂದು ನಿಂತಿದ್ದಳು.

"ಅತ್ತೆ, ಇಂಗು" ಎಂದೆ.

"ಹೂಂ" ಎಂದಳು. ಏನು, ಎತ್ತ ಎಂದು ಕೇಳಲೂ ಇಲ್ಲ.

"ಎಷ್ಟು ದಿನದಿಂದ?"

"ಈಗ್ಯಾಕೆ ಅದೆಲ್ಲ? ಕೈಕಾಲು ತೊಳ್ಕೊ, ಊಟ ಮಾಡು."

ನಾನು ಅಲ್ಲೇ ಕುಸಿದು ಅವಳ ಕಾಲು ತಬ್ಬಿಕೊಂಡು ಗೋಳೋ ಎಂದು ಅತ್ತುಬಿಟ್ಟೆ. ನನ್ನ ಮದುವೆಗಾಗಿ ಈ ಮುದುಕಿ ತನ್ನ ಒಲೆಗೆ ತಾನೇ ವಿಷ ಹಾಕಿಕೊಂಡಿದ್ದಾಳೆ, ತಣ್ಣೀರು ಮೀಯಲು ತನ್ನನ್ನು ತಾನೇ ಪಳಗಿಸಿಕೊಂಡಿದ್ದಾಳೆ, ನಾನು ಪಕ್ಕದಲ್ಲೇ ಕೂತು ಉಂಡೆದ್ದು ಹೋಗಿದ್ದೇನೆ ಎಂದು ಎದೆ ಒಡೆದುಹೋಯಿತು. "ಹಿಂಗೆ ಆಗ್ಬಾರ್ದಿತ್ತು ಅತ್ತೆ, ನನಗೋಸ್ಕರ ಹಿಂಗೆ ಆಗ್ಬಾರ್ದಿತ್ತು" ಎಂದೆ. ಅವಳು ಗೋಡೆ ಹಿಡಿದು ನಿಧಾನವಾಗಿ ಕೂತು ನನ್ನ ತಲೆ ಸವರಿದಳು.

"ಅಳ್ಬೇಡ. ನಂಗೇನೂ ಬೇಜಾರಿಲ್ಲ. ತಂಪುಮನೆ ಏನು ಕಾಡಾ? ನನ್ನ ವಾರಿಗೆಯವರೆಲ್ಲ ಅಲ್ಲೇ ಇದಾರೆ, ಚೌಕಾಬಾರ ಆಡ್ಕೊಂಡು ಇರ್ತೀನಿ. ಇಷ್ಟು ವರ್ಷ ಕಾದಿದೀರಿ, ನಿಮ್ಗೂ ವಯಸ್ಸಾಗಲ್ವಾ?"

ಹಾಲೇಶನಿಗೆ ಹೇಳದೆ ಇರಲಾಗಲಿಲ್ಲ. ಸಂಜೆ ಅವನು ಕೆಲಸ ಮುಗಿಸಿ ಬರುವ ದಾರಿಯಲ್ಲಿ, ಕೆರೆ ಏರಿಯ ಮೇಲೆ ಕಾದು ನಿಂತೆ. ಆಚೆ ದಡದಲ್ಲಿ ತಂಪುಮನೆಯ ಮುದುಕಿಯರು ಬಿಸಿಲಿನ ಕೊನೆಯ ತುಣುಕಿಗೆ ಬೆನ್ನು ಕೊಟ್ಟು ಸಾಲಾಗಿ ಕೂತಿದ್ದರು. ಅವನು ಬಂದೊಡನೆ ಕಣ್ಣೊರೆಸಿಕೊಳ್ಳುತ್ತ ಹೇಳಿದೆ: "ಹಾಲೇಶ, ಅತ್ತೆ ಒಲೆಗೆ ಇಂಗು ಬಿದ್ದಿದೆ. ಕಂಪ್ಯೂಟರಲ್ಲಿ ಗೊತ್ತಾಯ್ತು. ಅತ್ತೇನೂ ಒಪ್ಕೊಂಡ್ಲು."

ಅವನು ಬೆರಗಾಗುತ್ತಾನೆ, ಅಯ್ಯೋ ಎನ್ನುತ್ತಾನೆ, ನನ್ನ ಕೈ ಹಿಡಿಯುತ್ತಾನೆ ಎಂದುಕೊಂಡಿದ್ದೆ. ಅವನು ಇಂಗು ತಿಂದ ಮಂಗನ ಹಾಗೆ ನಿಂತುಬಿಟ್ಟ. ಆಮೇಲೆ ಮೆಲ್ಲಗೆ ಕೇಳಿದ:

"ಅತ್ತೆ ಹೇಳ್ಬಿಟ್ರಾ?"

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಶನಿವಾರ. ಬಾಳೆಹಣ್ಣಿನ ಚಿಪ್ಪು. ಒರೆಸುವ ಬಟ್ಟೆ. ಆ ಬಟ್ಟೆಯನ್ನು ಅವನು ಯಾವತ್ತೂ ನಮ್ಮ ಮನೆಯಲ್ಲಿ ಒಗೆಯಲು ಬಿಟ್ಟಿರಲಿಲ್ಲ, ಮಡಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಅದನ್ನು ಸಂಕೋಚ ಎಂದುಕೊಂಡಿದ್ದೆ. ಪರದೆಯ ಮೇಲಿನ ಮೆಟ್ಟಿಲುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ವಾರಕ್ಕೊಂದು.

"ನೀನಾ?" ಎಂದೆ.

"ಅವ್ರಿಗೇನಾದ್ರೂ ಮಾಡಿದ್ನಾ ದಾಕ್ಷಿ? ಒಲೆ ತಾನೆ" ಎಂದ. ಅವನ ದನಿ ಯಾವತ್ತಿನಷ್ಟೇ ಮೆದುವಾಗಿತ್ತು, ಅದೇ ನನ್ನನ್ನು ಹೆಚ್ಚು ಹೆದರಿಸಿತು. "ಹಿಂಗೇ ಕಾದ್ರೆ ನಾವು ತಲೆ ಬೆಳ್ಳಗಾದ್ಮೇಲೆ ಮದ್ವೆ ಆಗ್ಬೇಕು. ನಮ್ಮಪ್ಪ ನಮ್ಮಜ್ಜಿ ಒಲೆಗೆ ಹಾಕಿದ್ರಂತೆ, ಅಮ್ಮಾನೇ ಹೇಳಿದ್ದು. ಎಲ್ರೂ ಮಾಡ್ತಾರೆ. ಈ ಊರಲ್ಲಿ ಸುಮ್ನೆ ಕೂತು ಕಾದು ಮದ್ವೆ ಆದೋರು ಯಾರಿದಾರೆ, ಒಬ್ರನ್ನ ತೋರ್ಸು."

ನಾನು ಆಚೆ ದಡದ ಕಡೆ ನೋಡಿದೆ. ಮುದುಕಿಯರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗುತ್ತಿದ್ದರು. ಊರಿನ ಮದುವೆಗಳೆಲ್ಲ ನೆನಪಿಗೆ ಬಂದವು. ನಾನು ಹೋಗಿ ಹಾಡಿದ, ಹೋಳಿಗೆ ತಿಂದ, ತೊಟ್ಟು ನೀರು ಕುಡಿದು ಹರಸಿ ಬಂದ ಮದುವೆಗಳು. "ನಮ್ಮ ಮನೆ ಹೊಸಲು ಮತ್ತೆ ತುಳೀಬೇಡ" ಎಂದಷ್ಟೇ ಹೇಳಲು ಸಾಧ್ಯವಾಯಿತು. ಅವನು ಏನೋ ಹೇಳುತ್ತಲೇ ಇದ್ದ. ನಾನು ತಿರುಗಿ ನೋಡಲಿಲ್ಲ.

ಮನೆಗೆ ಬಂದು ಅವನು ಮಾಡಿದ್ದನ್ನು ಅತ್ತೆಯ ಮುಂದೆ ಎತ್ತಲಿಲ್ಲ. ಅವಳು ತಾನೇ ಸುಳ್ಳು ಒಪ್ಪಿಕೊಂಡು ಅವನನ್ನು ಕಾಪಾಡಲು ನೋಡಿದ್ದಾಳೆ, ನನ್ನ ಮದುವೆ ಮುರಿಯಬಾರದೆಂದು ಹಾಗೆ ಮಾಡಿದ್ದಾಳೆ ಎಂದುಕೊಂಡೆ. "ಹಾಲೇಶ ಇನ್ಮೇಲೆ ಬರಲ್ಲ, ಮದ್ವೆ ಇಲ್ಲ" ಎಂದೆ. ಅತ್ತೆ ನನ್ನನ್ನು ದಿಟ್ಟಿಸಿ ನೋಡಿದಳು. "ಹೋಗ್ಲಿ ಬಿಡು, ಒಳ್ಳೇದಾಯ್ತು" ಎಂದು ತಟ್ಟೆ ಇಟ್ಟಳು. ಆ ಮಾತಿನಲ್ಲಿ ಎಂಥದೋ ಸಮಾಧಾನವಿತ್ತು. ಅದು ಏತಕ್ಕೆಂದು ನಾನು ಕೇಳಲಿಲ್ಲ.

ಮರುದಿನದಿಂದ ನಾನು ಕೆಲಸದ ಮೇಲೆ ಬಿದ್ದೆ. ಗಂಧಕ ಸೇರಿಸಿದ ಮೇಲೆ ಲೆಕ್ಕ ಸರಿಯಾಗಿತ್ತಲ್ಲ, ಮುಖ್ಯಸ್ಥರು ಈಗ ನಂಬಿದರು. ಆಮ್ಲಜನಕ ಸರಿಯಾಗಿ ಕೂತೇಳುವ, ಗಂಧಕ ಮಾತ್ರ ಹಿಡಿತ ಸಿಗದೆ ಜಾರುವ ಮೈ ಯಾವ ಲೋಹದ್ದು ಎಂದು ಹುಡುಕಿದೆವು. ಒಂದು ದಿನ ಫರ್ಜಾನಾ ಕೀಲಿಮಣೆಯ ಮೇಲೆ ಬೆರಳಿಟ್ಟು "ಊರಿನ ಮಿಕ್ಕ ಒಲೆಗಳಿಗೂ ಈ ಗಂಧಕದ ಲೆಕ್ಕ ಹಾಕಿ ನೋಡ್ಲಾ? ನಿಂತುಹೋದವಕ್ಕೂ?" ಎಂದಳು. ಹಾಲೇಶ ಹೇಳಿದ ಮಾತನ್ನು ಅವಳಿಗೆ ಹೇಳಿದೆ. "ನಮ್ಮ ನಾನಿ ತಂಪುಮನೇಲೇ ತೀರ್ಕೊಂಡ್ಲು" ಎಂದಳು. ಬೆರಳು ತೆಗೆದು ಮಡಿಲಲ್ಲಿಟ್ಟುಕೊಂಡಳು. ಆ ಲೆಕ್ಕವನ್ನು ನಾವು ಹಾಕಲೇ ಇಲ್ಲ.

ಕೊನೆಗೆ ಸಿಕ್ಕಿತು. ಒಳಗೆ ಅಗ್ಗದ ನಿಕ್ಕಲ್ಲಿನ ಕಣ, ಮೇಲೆ ಈರುಳ್ಳಿ ಸಿಪ್ಪೆಗಿಂತ ಎಷ್ಟೋ ತೆಳ್ಳನೆಯ ಪ್ಲಾಟಿನಂ ಪೊರೆ. ಅತ್ತೆಯ ಕೆಟ್ಟ ಹಾಳೆಯ ಲೋಹವನ್ನೇ ಕರಗಿಸಿ ಮೊದಲ ಹೊಸ ಹಾಳೆ ಮಾಡಿದೆವು. ಅದಕ್ಕೆ ಅದರ ಸಣ್ಣದೊಂದು ಪಾಲೇ ಸಾಕಾಯಿತು. ಊರು ಕುಣಿಯಿತು. ತಂಪುಮನೆಯಿಂದ ಕೆಲವರು ಗಂಟು ಕಟ್ಟಿಕೊಂಡು ತಮ್ಮ ತಮ್ಮ ಮನೆಗೆ ಮರಳಿದರು. ಅವರನ್ನು ಕರೆತರಲು ಹೋದ ಮಕ್ಕಳು ಯಾಕೋ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರಲಿಲ್ಲ.

ಹೊಸ ಹಾಳೆ ಮೊದಲು ಬಂದದ್ದು ನಮ್ಮ ಮನೆಯ ಒಲೆಗೆ. ನಾನೇ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಮೂತಿಯಲ್ಲಿ ಒಂದು ತೊಟ್ಟು ಮೂಡಿ, ದಪ್ಪವಾಗಿ, ಬಿತ್ತು. ಅತ್ತೆ ಅದನ್ನು ಅಂಗೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಹೊಸ ಹಾಳೆಗೆ ಇಂಗಿನ ಭಯವಿಲ್ಲ ಎಂದು ಹೇಳಿದ್ದೆನಲ್ಲ, ಅವಳು ಹಿತ್ತಲಿಂದ ಡಬ್ಬಿ ತಂದು, ಜೀವಮಾನದಲ್ಲಿ ಮೊದಲ ಸಲ ಅಡುಗೆಮನೆಯೊಳಗೇ ಒಗ್ಗರಣೆ ಹಾಕಿದಳು. ಮನೆಯೆಲ್ಲ ಘಮ್ಮೆಂದಿತು. ಒಗ್ಗರಣೆಯ ಸೌಟು ಸಾರಿನಲ್ಲಿ ಅದ್ದುತ್ತ, ಬಹಳ ಪ್ರೀತಿಯಿಂದ ಅತ್ತೆ ಹೇಳಿದಳು:

"ಚೆನ್ನಾಗಾಯ್ತು. ಇನ್ಮೇಲೆ ಯಾರೂ ಯಾರನ್ನೂ ಕಳಿಸೋ ಹಾಗಿಲ್ಲ."

"ತಂಪುಮನೆಗಾ?"

"ಅಲ್ಲ ಕಣೇ. ಹಾಲೇಶನ್ನ ಕಳಿಸ್ತಿದ್ದೆಯಲ್ಲ ನೀನು, ಇಂಗು ಕೊಟ್ಟು."

ಅವಳು ಹೇಳುತ್ತಲೇ ಹೋದಳು: "ಮೊದಲ್ನೇ ಸಲಾನೇ ನಂಗೆ ವಾಸನೆ ಬಂದಿತ್ತು. ನೀನು ಸರಿಯಾಗಿ ಆಗ್ಲೇ ಸಂತೆಗೆ ಹೋಗೋದು, ಅವನು ಬರೋದು. ಇದ್ದು ನೋಡೋಕೆ ಆಗಲ್ಲ ಪಾಪ, ಅದಕ್ಕೆ ಹೋಗ್ತಾಳೆ ಅಂದ್ಕೊಂಡೆ. ಆಮೇಲೆ ಅವತ್ತು ನೀನೇ ಬಂದು ಕಾಲು ಹಿಡ್ಕೊಂಡು ಅತ್ಬಿಟ್ಯಲ್ಲ, ಅವನನ್ನೂ ಬಿಟ್ಯಲ್ಲ, ಅಲ್ಲಿಗೆ ಎಲ್ಲಾ ಮುಗೀತು."

"ಅತ್ತೆ, ನಾನು ಕಳಿಸಿದ್ದಲ್ಲ."

"ಇರ್ಲಿ ಬಿಡೇ."

"ನಂಗೆ ಗೊತ್ತೇ ಇರ್ಲಿಲ್ಲ ಅತ್ತೆ. ನಿನ್ನಾಣೆ." ಅವಳ ತಲೆಯ ಮೇಲೆ ಕೈಯಿಟ್ಟು ಮತ್ತೆ ಹೇಳಿದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಇಳಿಸಿ, ಕಣ್ಣಿಗೆ ಕಣ್ಣು ಸೇರಿಸದೆ, "ಹೂಂ, ಆಯ್ತು" ಎಂದಳು. ಅಷ್ಟು ತಿಂಗಳ ರೊಟ್ಟಿ, ಡಬ್ಬಿಗೆ ಕಟ್ಟಿದ ಪಲ್ಯ, ಬೇಯಿಸಲಾರದ ಒಲೆಯ ಮುಂದೆ ಕಾದು ಕಾದು ಬೇಯಿಸಿದ ಅನ್ನ ಎಲ್ಲ ಒಮ್ಮೆಗೇ ನೆನಪಾದವು.

"ನಾನೇ ಮಾಡಿಸ್ತಿದೀನಿ ಅಂದ್ಕೊಂಡೂ ದಿನಾ ನಂಗೆ ಬಡಿಸ್ತಿದ್ಯಾ?"

"ಮತ್ತೇನ್ ಮಾಡ್ಲಿ? ಹಸ್ಕೊಂಡು ಬರ್ತಿದ್ದೆ" ಎಂದಳು ಅತ್ತೆ. ಆಮೇಲೆ ಗೋಡೆ ಹಿಡಿದು ಎದ್ದು ನನ್ನ ತಟ್ಟೆ ತಂದಿಟ್ಟಳು, ಅನ್ನ ಹಾಕಿ ಸಾರು ಬಿಟ್ಟಳು, "ಆರಿಹೋಗುತ್ತೆ, ಕೂತ್ಕೋ" ಎಂದಳು.